‘ಸಿಸ್ಟಂ ಕೊಟ್ಟ ರೇಟು’ ಯಾವ ಊರಿನ ರೇಟು? ಉತ್ತರ ಟೆಕ್ಸಾಸಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಡಾಲಸ್ ಸುತ್ತಮುತ್ತ ಮನೆ ಕೊಂಡು ನೆಲೆನಿಂತಿರುವ ಕನ್ನಡಿಗರೇ,

ನಮಸ್ಕಾರ. ನಾನು ಎಸ್ಟಿಮೇಟರ್. ನೀರು ನುಗ್ಗಿದ, ಬೆಂಕಿ ಬಿದ್ದ, ಆಲಿಕಲ್ಲು ಹೊಡೆದ ಮನೆಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಅಂದರೆ ನಾನು ಕಂಟ್ರ್ಯಾಕ್ಟರ್ ಕಡೆಯವನು. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಓದಿ.

2021ರ ಫೆಬ್ರವರಿ ಯಾರಿಗೆ ನೆನಪಿಲ್ಲ? 16ನೇ ತಾರೀಖು ಬೆಳಿಗ್ಗೆ ಡಾಲಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಊರಿನ ಲೆಕ್ಕದಲ್ಲಿ ಮೈನಸ್ 19ರ ಹತ್ತಿರ. ಕರೆಂಟ್ ಇಲ್ಲ, ಹೀಟರ್ ಇಲ್ಲ. ಇಲ್ಲಿನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ ಅಲ್ವಾ, ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಹೋಗುವುದು ತಲೆಯ ಮೇಲೆ, ಸೀಲಿಂಗಿಗೂ ಸೂರಿಗೂ ನಡುವಿನ ಆಟಿಕ್‌ನಲ್ಲಿ. ಅದು ಒಡೆದರೆ ನೀರು ಇಳಿಯುವುದು ನೇರ ಸೀಲಿಂಗ್ ಮೇಲೆ.

ಅವತ್ತು ಮಧ್ಯಾಹ್ನ ಡಾಲಸ್ ಪಕ್ಕದ ಫ್ರಿಸ್ಕೋದಿಂದ ಒಬ್ಬ ಸ್ನೇಹಿತ ಫೋನ್ ಮಾಡಿದ. ಮೈಸೂರಿನವನು, ಹೆಸರು ಬೇಡ. "ಅಣ್ಣಾ, ಸೀಲಿಂಗ್ ಬಿತ್ತು" ಅಂದ, ಅಷ್ಟೆ. ರಸ್ತೆಯೆಲ್ಲ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಎರಡು ದಿನ ಬಿಟ್ಟು ಹೋದೆ. ಊಟದ ಮೇಜಿನ ಮೇಲೆ ನೆನೆದ ಇನ್ಸುಲೇಶನ್ ಗುಡ್ಡೆಯಾಗಿ ಬಿದ್ದಿತ್ತು, ಹಿಂಡದೆ ಬಿಟ್ಟ ಹತ್ತಿಯ ಹಾಗೆ. ಮೆಟ್ಟಿಲ ಕೆಳಗಿನ ಕ್ಲಾಸೆಟ್ಟನ್ನು ದೇವರ ಮನೆ ಮಾಡಿಕೊಂಡಿದ್ದರು. ಅಲ್ಲಿನ ಫೋಟೋಗಳನ್ನೆಲ್ಲ ಅವನ ಹೆಂಡತಿ ಟವೆಲ್ ಹಾಸಿ ಕಾರಿನ ಹಿಂದಿನ ಸೀಟಿನಲ್ಲಿ ಸಾಲಾಗಿ ಜೋಡಿಸಿದ್ದರು.

ಕೆಲವು ವಾರದ ನಂತರ ಇನ್ಶೂರೆನ್ಸ್ ಕಂಪನಿಯ ಎಸ್ಟಿಮೇಟ್ ಬಂತು. ಹದಿನಾಲ್ಕು ಪುಟ. ಅವನು ಕೊನೆಯ ಪುಟದ ಮೊತ್ತ ನೋಡಿದ. ಕಂಟ್ರ್ಯಾಕ್ಟರುಗಳು ಹೇಳುತ್ತಿದ್ದ ಮೊತ್ತಕ್ಕೂ ಇದಕ್ಕೂ ಅಜಗಜಾಂತರ. ಆದರೂ ನನ್ನನ್ನು ಕೇಳಿದ್ದೇನು ಗೊತ್ತಾ? "ಕಂಪ್ಯೂಟರ್ ಲೆಕ್ಕ ಅಲ್ವಾ ಅಣ್ಣಾ, ಸರಿಯಾಗೇ ಇರುತ್ತೆ. ಕಂಟ್ರ್ಯಾಕ್ಟರುಗಳೇ ಜಾಸ್ತಿ ಹೇಳ್ತಿದ್ದಾರೆ ಅನ್ಸುತ್ತೆ."

ಈ ಪತ್ರ ಬರೆಯಲು ಕಾರಣ ಆ ಮಾತು. ಅದನ್ನು ಅವನೊಬ್ಬನ ಬಾಯಲ್ಲಿ ಕೇಳಿದ್ದಲ್ಲ. ನಮ್ಮವರ ಮನೆಗೆ ಹೋದಾಗೆಲ್ಲ ಕೇಳುತ್ತೇನೆ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಬಿಡದವರು, ಹದಿನಾಲ್ಕು ಪುಟದ ಪ್ರಿಂಟೌಟ್ ಕಂಡರೆ ಕೈಕಟ್ಟಿ ನಿಲ್ಲುತ್ತೇವೆ.

ಹಾಗಾಗಿ ಆ ಪ್ರಿಂಟೌಟ್ ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ಹೇಳುತ್ತೇನೆ.

ಅಮೆರಿಕದಲ್ಲಿ ಮನೆ ಹಾನಿಯ ಲೆಕ್ಕ ಹಾಕಲು ಇನ್ಶೂರೆನ್ಸ್ ಕಂಪನಿಗಳೂ ಕಂಟ್ರ್ಯಾಕ್ಟರುಗಳೂ ಹೆಚ್ಚಾಗಿ ಬಳಸುವ ಸಾಫ್ಟ್‌ವೇರ್ ಎಕ್ಸಾಕ್ಟಿಮೇಟ್. 1986ರಲ್ಲಿ ಯೂಟಾ ರಾಜ್ಯದಲ್ಲಿ ಶುರುವಾದ ಎಕ್ಸಾಕ್ಟ್‌ವೇರ್ ಎಂಬ ಕಂಪನಿಯದು. ಈಗ ವೆರಿಸ್ಕ್ ಎಂಬ ದೊಡ್ಡ ಕಂಪನಿಯ ಕೈಯಲ್ಲಿದೆ. ಗೋಡೆ, ಸೀಲಿಂಗ್, ಬಣ್ಣ, ಕಾರ್ಪೆಟ್, ಚಾವಣಿಯ ಶಿಂಗಲ್, ಹೀಗೆ ಸಾವಿರಾರು ಕೆಲಸಗಳಿಗೆ ಅದರಲ್ಲಿ ಒಂದೊಂದು ಸಾಲು. ನಾವು ಅಳತೆ ಹಾಕಿ ಸಾಲು ಆರಿಸುತ್ತೇವೆ. ಚದರ ಅಡಿಗೆ ಇಷ್ಟು ಎಂಬ ದರ ತಾನಾಗಿ ಬಂದು ಕೂರುತ್ತದೆ.

ಆ ದರ ಎಲ್ಲಿಂದ ಬಂತು? ಪ್ರೈಸ್ ಲಿಸ್ಟ್‌ನಿಂದ. ಅಮೆರಿಕ, ಕೆನಡಾಗಳನ್ನು 460ಕ್ಕೂ ಹೆಚ್ಚು ಪ್ರದೇಶಗಳಾಗಿ ಹಂಚಿ, ಒಂದೊಂದಕ್ಕೂ ಬೇರೆ ಪಟ್ಟಿ ಮಾಡುತ್ತಾರೆ. ತಿಂಗಳಿಗೊಮ್ಮೆ ಹೊಸದು ಬರುತ್ತದೆ. ನಿಮ್ಮ ಎಸ್ಟಿಮೇಟಿನ ಮೊದಲ ಪುಟದಲ್ಲಿ, ನಿಮ್ಮ ಹೆಸರು, ವಿಳಾಸ, ಕ್ಲೇಮ್ ನಂಬರ್ ಎಲ್ಲ ಆದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಸಾಲು ಇರುತ್ತದೆ. 2021ರಲ್ಲಿ ಡಾಲಸ್ ಕಡೆಯದು ಹೀಗಿತ್ತು: ಟಿಎಕ್ಸ್‌ಡಿಎಫ್8ಎಕ್ಸ್, ಆಮೇಲೆ ತಿಂಗಳು, ವರ್ಷ. ಟಿಎಕ್ಸ್ ಅಂದರೆ ಟೆಕ್ಸಾಸ್. ಡಿಎಫ್ ಅಂದರೆ ಡಾಲಸ್–ಫೋರ್ಟ್ ವರ್ತ್. ನಡುವಿನ 8ಎಕ್ಸ್ ಸಾಫ್ಟ್‌ವೇರಿನ ಆವೃತ್ತಿಯ ಗುರುತು, ಅದನ್ನು ಬಿಡಿ. ಉಳಿದ ಅಕ್ಷರಗಳು ಮುಖ್ಯ. ಯಾವ ಊರು, ಯಾವ ತಿಂಗಳು ಎಂದು ಹೇಳುವುದು ಅವೇ.

ಸ್ನೇಹಿತನ ಎಸ್ಟಿಮೇಟಿನಲ್ಲಿ ಪೆನ್ಸಿಲ್ ಹಿಡಿದು ಆ ಸಾಲಿಗೆ ಸುತ್ತು ಹಾಕಿದೆ. ಊರು ನಮ್ಮದಲ್ಲ. ಸ್ಯಾನ್ ಆಂಟೋನಿಯೋದ್ದು! ತಿಂಗಳು ಜನವರಿ, ಅಂದರೆ ಪೈಪು ಒಡೆಯುವುದಕ್ಕೂ ಮುಂಚಿನ ಪಟ್ಟಿ. ಫ್ರಿಸ್ಕೋದ ಮನೆಗೆ ಇನ್ನೂರೈವತ್ತು ಮೈಲಿಗಿಂತ ದೂರದ ಊರಿನ, ಆ ಚಳಿ ಹೊಡೆತಕ್ಕೆ ಹಿಂದಿನ ದರ.

ಮೋಸ ಅಂತ ಹೇಳುತ್ತಿಲ್ಲ. ಅಡ್ಜಸ್ಟರ್ ಹುಡುಗಿ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರ ಹಾನಿಯ ಲೆಕ್ಕ ಹಾಕುವವಳು, ಬೇರೆ ರಾಜ್ಯದಲ್ಲಿ ಕೂತು ದಿನಕ್ಕೆ ಎಷ್ಟೋ ಕ್ಲೇಮ್ ನೋಡುತ್ತಿದ್ದಳು. ಹಿಂದೆ ಮಾಡಿದ ಯಾವುದೋ ಎಸ್ಟಿಮೇಟನ್ನು ಕಾಪಿ ಮಾಡಿಕೊಂಡು ವಿಳಾಸ, ಅಳತೆ ಬದಲಿಸಿದ್ದಳು. ಪಟ್ಟಿ ಹಾಗೇ ಉಳಿದಿತ್ತು. ಸ್ನೇಹಿತ ಫೋನಿನಲ್ಲಿ ಕೇಳಿದ ತಕ್ಷಣ "ಅಯ್ಯೋ, ಗಮನಿಸಲಿಲ್ಲ, ಕ್ಷಮಿಸಿ" ಎಂದಳು. ಐದು ನಿಮಿಷದಲ್ಲಿ ಡಾಲಸ್ಸಿನ ಫೆಬ್ರವರಿ ಪಟ್ಟಿಗೆ ಬದಲಿಸಿ ಕಳಿಸಿದಳು. ಮೊತ್ತ ಏರಿತು. ಕೇಳದೇ ಇದ್ದಿದ್ದರೆ ಸ್ಯಾನ್ ಆಂಟೋನಿಯೋದ ರೇಟಿನಲ್ಲೇ ಫೈಲು ಮುಚ್ಚುತ್ತಿತ್ತು.

ಸರಿ, ಊರು ಸರಿಯಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಿಯಾದ ಊರಿನ ಪಟ್ಟಿಗೂ ನಮ್ಮ ಬೀದಿಗೂ ಅಂತರ ಇತ್ತು.

ಇದನ್ನು ಅರ್ಥ ಮಾಡಿಸಲು ನಾನು ಹಾಸನಕ್ಕೆ ಹೋಗಬೇಕು. ಅಮೆರಿಕಕ್ಕೆ ಬರುವ ಮುಂಚೆ ಅಲ್ಲೊಬ್ಬ ಫಸ್ಟ್ ಕ್ಲಾಸ್ ಕಂಟ್ರ್ಯಾಕ್ಟರ್ ಹತ್ತಿರ ಮೂರು ವರ್ಷ ಇದ್ದೆ. ಪಿಡಬ್ಲ್ಯುಡಿಯ ಎಸ್‌ಆರ್ ಪುಸ್ತಕ ನಮಗೆ ಪಂಚಾಂಗ ಇದ್ದ ಹಾಗೆ, ಸರ್ಕಾರಿ ಕಾಮಗಾರಿಗಳ ದರಪಟ್ಟಿ ಅದು. ಮಣ್ಣು ಅಗೆಯುವುದಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಎಲ್ಲ ಅದರಲ್ಲಿ. ಆದರೆ ಪುಸ್ತಕದ ದರವನ್ನು ಹಾಗೇ ಎತ್ತಿ ಬರೆದರೆ ಎಂಜಿನಿಯರ್ ಸಾಹೇಬರು ಫೈಲು ವಾಪಸ್ ತಳ್ಳುತ್ತಿದ್ದರು. "ಲೀಡ್ ಎಲ್ಲಪ್ಪಾ?" ಅನ್ನುತ್ತಿದ್ದರು. ಜಲ್ಲಿ ಯಾವ ಕ್ವಾರಿಯಿಂದ ಬರುತ್ತದೆ, ಮರಳು ಎಲ್ಲಿಂದ, ಎಷ್ಟು ಕಿಲೋಮೀಟರ್, ಅದನ್ನೆಲ್ಲ ಬರೆದು ಲೀಡ್ ಸ್ಟೇಟ್‌ಮೆಂಟ್ ಲಗತ್ತಿಸಬೇಕು. ಅರಸೀಕೆರೆಯ ಬಯಲಿನ ಸೇತುವೆಗೂ ಸಕಲೇಶಪುರದ ಆಚೆ ಮಳೆಯಲ್ಲಿ ಕಟ್ಟುವ ಸೇತುವೆಗೂ ಪುಸ್ತಕ ಒಂದೇ, ಲೆಕ್ಕ ಬೇರೆ. ಸರ್ಕಾರಿ ಪುಸ್ತಕವೇ ಒಪ್ಪಿಕೊಂಡಿತ್ತು: ದರ ನನ್ನದು, ದೂರ ನಿನ್ನದು.

ಇಲ್ಲಿನ ಸಾಫ್ಟ್‌ವೇರೂ ಒಪ್ಪಿಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪಟ್ಟಿ ಮಾಡುವವರು ತಾವೇ ಹೇಳುತ್ತಾರೆ: ಇದು ಇತ್ತೀಚೆಗೆ ಮಾರುಕಟ್ಟೆಯಲ್ಲಿ ನಡೆದ ದರಗಳ ವರದಿ, ಇದೇ ದರಕ್ಕೆ ಕೆಲಸ ಆಗಬೇಕೆಂದು ನಾವು ಕಟ್ಟಳೆ ಮಾಡಿಲ್ಲ, ಆಯಾ ಕೆಲಸಕ್ಕೆ ತಕ್ಕಂತೆ ದರ ಬದಲಿಸುವುದು ಬಳಸುವವರ ಜವಾಬ್ದಾರಿ. ಬದಲಿಸಲು ಜಾಗವೂ ಕೊಟ್ಟಿದ್ದಾರೆ. ಒಂದು ಸಾಲಿನ ದರವನ್ನು ಬಿಡಿಸಿ ನೋಡಬಹುದು. ಡ್ರೈವಾಲ್, ಅಂದರೆ ಗೋಡೆಗೆ, ಸೀಲಿಂಗಿಗೆ ಹೊಡೆಯುವ ಜಿಪ್ಸಂ ಹಲಗೆ, ಅದನ್ನು ಹಾಕುವ ಸಾಲು ತೆಗೆದುಕೊಳ್ಳಿ. ಅದರೊಳಗೆ ಹಲಗೆ, ಸ್ಕ್ರೂ, ಟೇಪು, ಸಂದಿಗೆ ಮೆತ್ತುವ ಪುಟ್ಟಿ, ಜೋಡಿಸುವವನ ಕೂಲಿ, ನಯ ಮಾಡುವವನ ಕೂಲಿ, ಒಬ್ಬ ಗಂಟೆಗೆ ಎಷ್ಟು ಚದರ ಅಡಿ ಮುಗಿಸುತ್ತಾನೆ ಎಂಬ ಅಂದಾಜು, ಎಲ್ಲ ಇದೆ. ಆ ಅಂದಾಜು ಸಾಧಾರಣ ಮನೆಗೆ, ಸಾಧಾರಣ ಎತ್ತರಕ್ಕೆ. ಫ್ರಿಸ್ಕೋದ ಮನೆಗಳಲ್ಲಿ ಬಾಗಿಲು ತೆಗೆದರೆ ಎರಡು ಅಂತಸ್ತಿನ ಎತ್ತರದ ಹಾಲ್. ಅಲ್ಲಿ ಏಣಿ ಸಾಲದು, ಸ್ಕ್ಯಾಫೋಲ್ಡಿಂಗ್ ಬೇಕು. ಹುಡುಗರು ಹತ್ತಿ ಇಳಿಯುವುದರಲ್ಲೇ ಅರ್ಧ ದಿನ. ಅದಕ್ಕೆ ಬೇರೆ ಸಾಲುಗಳಿವೆ. ಸ್ನೇಹಿತನ ಎಸ್ಟಿಮೇಟಿನಲ್ಲಿ ಅವು ಇರಲಿಲ್ಲ. ಫೋಟೋದಲ್ಲಿ ಎತ್ತರ ಕಾಣುವುದಿಲ್ಲ ನೋಡಿ.

ಪಟ್ಟಿಯಲ್ಲಿ ಇನ್ನೊಂದು ಸಣ್ಣ ಮಾತಿದೆ. ಊರಿನ ಗುರುತಿನ ಕೆಳಗೇ ‘ರೆಸ್ಟೊರೇಶನ್, ಸರ್ವಿಸ್, ರೀಮಾಡೆಲ್’ ಅಂತ ಬರೆದಿರುತ್ತದೆ. ಅದರ ಬದಲು ‘ನ್ಯೂ ಕನ್‌ಸ್ಟ್ರಕ್ಷನ್’ ಅಂತ ಇದ್ದರೆ ತಡೆಯಿರಿ. ಖಾಲಿ ಸೈಟಿನಲ್ಲಿ ಹೊಸ ಮನೆ ಕಟ್ಟುವವನು ಒಂದೇ ಏಟಿಗೆ ನೂರು ಹಲಗೆ ಹೊಡೆಯುತ್ತಾನೆ. ನಿಮ್ಮ ಮನೆಯಲ್ಲಿ ಸೋಫಾ ಸರಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮಗು ಮಲಗಿದೆ ಅಂತ ಸದ್ದಿಲ್ಲದೆ ಕೆಲಸ ಮಾಡಬೇಕು. ಕೂಲಿ ಒಂದೇ ಆಗುತ್ತದಾ?

ಈಗ ತಿಂಗಳ ವಿಚಾರ. ಇದು ಊರಿಗಿಂತ ದೊಡ್ಡ ಪೆಟ್ಟು ಕೊಡುತ್ತದೆ.

ಫೆಬ್ರವರಿಯಲ್ಲಿ ಪೈಪು ಒಡೆಯಿತು. ಆ ಹೊತ್ತಿನಲ್ಲಿ ಡಾಲಸ್‌ನಲ್ಲಿ ಪ್ಲಂಬರ್ ಸಿಗುವುದು ಅಂದರೆ ಮದುವೆ ಸೀಸನ್‌ನಲ್ಲಿ ಅಡುಗೆ ಭಟ್ಟರು ಸಿಕ್ಕ ಹಾಗೆ. ಸ್ನೇಹಿತನ ಮನೆಯ ಕೆಲಸ ಶುರುವಾಗಿದ್ದು ಜೂನ್‌ನಲ್ಲಿ. ಆ ನಡುವೆ ಮರದ ಬೆಲೆ ಏನಾಯಿತು? ಮೇ ತಿಂಗಳಲ್ಲಿ ವಾಯಿದಾ ಪೇಟೆಯಲ್ಲಿ ಸಾವಿರ ಬೋರ್ಡ್ ಫೂಟ್‌ಗೆ 1,600 ಡಾಲರ್ ದಾಟಿತು. ಕೊರೊನಾಕ್ಕೆ ಮುಂಚೆ ಅದು 400ರ ಆಸುಪಾಸಿನಲ್ಲಿ ಇತ್ತು. ಕೂಲಿಯೂ ಏರಿತು. ಬೇರೆ ರಾಜ್ಯಗಳಿಂದ ಬಂದ ತಂಡಗಳಿಗೆ ಹೋಟೆಲ್ ಖರ್ಚು ಬೇರೆ. ಇಷ್ಟೆಲ್ಲ ಆದರೂ ಎಸ್ಟಿಮೇಟಿನ ತಲೆಯ ಮೇಲೆ ಫೆಬ್ರವರಿಯ ಪಟ್ಟಿಯೇ ಕೂತಿರುತ್ತದೆ, ಯಾರೂ ಕೇಳದಿದ್ದರೆ. ದೊಡ್ಡ ಅನಾಹುತದ ನಂತರ ದರಗಳನ್ನು ಬೇಗ ಬೇಗ ಪರಿಷ್ಕರಿಸುತ್ತಾರೆ, ನಿಜ. ಆದರೆ ಹೊಸ ಪಟ್ಟಿ ಬಂತು ಅಂತ ಹಳೆಯ ಎಸ್ಟಿಮೇಟ್ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ತೆರೆದು ಬದಲಿಸಬೇಕು.

ಚದರ ಅಡಿಗೆ ಮೂವತ್ತು ಸೆಂಟ್ ವ್ಯತ್ಯಾಸ ಅಂದುಕೊಳ್ಳಿ. ಚಿಲ್ಲರೆ ಅನ್ನಿಸುತ್ತದೆ. 1,800 ಚದರ ಅಡಿ ಡ್ರೈವಾಲ್ ಇದ್ದರೆ 540 ಡಾಲರ್. ಅದು ಒಂದು ಸಾಲಿನದು. ಹದಿನಾಲ್ಕು ಪುಟದಲ್ಲಿ ಅಂಥ ಸಾಲು ಎಷ್ಟಿರುತ್ತವೆ, ನೀವೇ ಎಣಿಸಿ.

ಇನ್ನೊಂದು ದೂರನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ವೃತ್ತಿಯವರು ಚಹಾ ಕುಡಿಯುವಾಗಲೆಲ್ಲ ಆಡುವ ಮಾತು ಇದು. ಪಟ್ಟಿ ಮಾಡಲು ಅವರು ಅಂಗಡಿಗಳ ದರ, ಕಂಟ್ರ್ಯಾಕ್ಟರುಗಳ ಸಮೀಕ್ಷೆ, ಜೊತೆಗೆ ಮುಗಿದ ಎಸ್ಟಿಮೇಟುಗಳನ್ನೂ ನೋಡುತ್ತಾರೆ. ಪಟ್ಟಿಯ ದರಕ್ಕೇ ಎಲ್ಲರೂ ಸೈ ಅಂದರೆ ಮುಂದಿನ ತಿಂಗಳು ಅದೇ ಮಾರುಕಟ್ಟೆ ದರ ಅನ್ನಿಸಿಕೊಳ್ಳುತ್ತದೆ. ನಾಯಿ ತನ್ನ ಬಾಲ ತಾನೇ ಅಟ್ಟಿಸಿಕೊಂಡು ಹೋದ ಹಾಗೆ. ಈ ಜಗಳ ಹೊಸದೇನಲ್ಲ. ಕತ್ರೀನಾ ಚಂಡಮಾರುತ ಆಗಿ ಎರಡು ವರ್ಷಕ್ಕೆ, 2007ರಲ್ಲಿ, ಲೂಸಿಯಾನಾದ ಅಟಾರ್ನಿ ಜನರಲ್ ಚಾರ್ಲ್ಸ್ ಫೋಟಿ ಹಲವು ಇನ್ಶೂರೆನ್ಸ್ ಕಂಪನಿಗಳ ಜೊತೆಗೆ ಎಸ್ಟಿಮೇಟ್ ಸಾಫ್ಟ್‌ವೇರ್ ಮಾಡುವವರ ಮೇಲೂ ಕೇಸು ಹಾಕಿದ್ದರು. ಕೂಡಿಕೊಂಡು ದರ ಇಳಿಸಿದ್ದಾರೆ ಎಂಬುದು ಆರೋಪ. ಆರೋಪವನ್ನು ತೀರ್ಪು ಅಂದುಕೊಳ್ಳಬೇಡಿ, ನಾನೂ ಅಂದುಕೊಂಡಿಲ್ಲ. ಪಟ್ಟಿಯಲ್ಲಿ ಸರಿಯಿಲ್ಲದ ದರ ಕಂಡರೆ ರಸೀದಿ ಸಮೇತ ತಿಳಿಸಲು ಸಾಫ್ಟ್‌ವೇರಿನಲ್ಲೇ ದಾರಿ ಇದೆ. ನಮ್ಮವರಲ್ಲಿ ಎಷ್ಟು ಜನ ಅದನ್ನು ಬಳಸುತ್ತಾರೆ? ಕೆಲಸ ಮುಗಿದ ಮೇಲೆ ರಸೀದಿ ಹುಡುಕುವ ತಾಳ್ಮೆ ಯಾರಿಗೂ ಇಲ್ಲ, ನನಗೂ ಸೇರಿ.

ಕಂಟ್ರ್ಯಾಕ್ಟರುಗಳೂ ದೇವರುಗಳಲ್ಲ. ಆಲಿಕಲ್ಲು ಬಿದ್ದ ಮಾರನೇ ದಿನ ಬಾಗಿಲು ತಟ್ಟಿ "ಡಿಡಕ್ಟಿಬಲ್ ನಾವೇ ನೋಡ್ಕೋತೀವಿ" ಅನ್ನುವವರು ಬರುತ್ತಾರೆ. ಡಿಡಕ್ಟಿಬಲ್ ಅಂದರೆ ರಿಪೇರಿ ಖರ್ಚಿನಲ್ಲಿ ನಾವೇ ಹಾಕಬೇಕಾದ ಮೊದಲ ಪಾಲು. ಅದನ್ನು ಹಾಗೆ ಬಿಟ್ಟುಕೊಡುವುದು ಟೆಕ್ಸಾಸ್‌ನಲ್ಲಿ ಕಾನೂನಿಗೆ ವಿರುದ್ಧ. ಮನೆಯ ಕವರೇಜ್ 5 ಲಕ್ಷ ಡಾಲರ್, ಆಲಿಕಲ್ಲಿನ ಡಿಡಕ್ಟಿಬಲ್ 2 ಪರ್ಸೆಂಟ್ ಅಂದರೆ ಮೊದಲ 10,000 ಡಾಲರ್ ನಿಮ್ಮ ಜೇಬಿನದೇ. ಅದನ್ನು ಬಿಟ್ಟುಕೊಡುತ್ತೇನೆ ಅನ್ನುವವನು ಎಸ್ಟಿಮೇಟಿನಲ್ಲಿ ಎಲ್ಲೋ ತುಂಬಿಸಿರುತ್ತಾನೆ. ಅಂಥವನ ಮೇಲೂ ಕಣ್ಣಿಡಿ.

ಮತ್ತೆ ಫ್ರಿಸ್ಕೋಗೆ ಬರೋಣ. ಜೂನ್‌ನಲ್ಲಿ ಸ್ನೇಹಿತ ಎರಡು ರಿಪೇರಿ ಕಂಪನಿಗಳಿಂದ ಲಿಖಿತ ಬಿಡ್ ತರಿಸಿದ. ಎರಡೂ ಬಿಡಿಬಿಡಿಯಾಗಿ, ಕೋಣೆಗೊಂದರಂತೆ. ನಮ್ಮ ಕಂಪನಿ ಬಿಡ್ ಹಾಕಲಿಲ್ಲ, ಸ್ನೇಹ ಕೆಡುವುದು ಬೇಡ ಅಂತ. ಹಳೆಯ ಪಟ್ಟಿ, ಹೊಸ ಪಟ್ಟಿ, ಬಿಡ್, ಈ ಮೂರನ್ನು ಪಕ್ಕಪಕ್ಕ ಹಾಕಿ ಒಂದು ಪುಟದ ತಖ್ತೆ ಮಾಡಿದ. ಐಟಿಯವನಲ್ಲವಾ, ಎಕ್ಸೆಲ್ ಹೊಡೆಯುವುದು ಹೇಳಿಕೊಡಬೇಕಾ! ಸಪ್ಲಿಮೆಂಟ್, ಅಂದರೆ ಹೆಚ್ಚುವರಿ ಕೋರಿಕೆ, ಅಂತ ಬರೆದು ಇನ್ಶೂರೆನ್ಸ್ ಕಂಪನಿಗೆ ಕಳಿಸಿದ. ಮಾತಾಡಿದ್ದೆಲ್ಲ ಅವನೇ. ನಾನು ಪಕ್ಕದಲ್ಲಿ ಕೂತು ಓದಿ ಹೇಳಿದ್ದಷ್ಟೆ. ರಿಪೇರಿ ಮಾಡುವ ಕಂಟ್ರ್ಯಾಕ್ಟರ್ ಅದೇ ಮನೆಯ ಕ್ಲೇಮಿಗೆ ನಿಮ್ಮ ಪರ ಅಡ್ಜಸ್ಟರ್ ಆಗಿ ನಿಲ್ಲುವಂತಿಲ್ಲ, ಇಲ್ಲಿನ ಕಾನೂನು ಹಾಗಿದೆ. ನಾನು ನಿಲ್ಲುತ್ತೇನೆ ಅಂತ ಯಾರಾದರೂ ಹೇಳಿದರೆ ಲೈಸೆನ್ಸ್ ಕೇಳಿ. ಮನೆಯವರ ಪರ ಕ್ಲೇಮ್ ನಡೆಸಿಕೊಡುವ, ಲೈಸೆನ್ಸ್ ಇರುವ ಪಬ್ಲಿಕ್ ಅಡ್ಜಸ್ಟರ್ ಕೂಡ ಕ್ಲೇಮ್ ಮೊತ್ತದ 10 ಪರ್ಸೆಂಟ್‌ಗಿಂತ ಜಾಸ್ತಿ ಫೀಸು ತೆಗೆದುಕೊಳ್ಳುವಂತಿಲ್ಲ.

ಉತ್ತರ ಬಂತು: "ನಮ್ಮ ಸಿಸ್ಟಂನಲ್ಲಿ ಪಟ್ಟಿಯ ದರ ಬದಲಿಸಲು ಆಗುವುದಿಲ್ಲ."

ಈ ವಾಕ್ಯ ನೋಡಿದ್ದೇ ನನಗೆ ಹಾಸನದ ಸಾಹೇಬರು ನೆನಪಾದರು. ಬದಲಿಸಲು ಆಗುತ್ತದೆ. ಬದಲಿಸಿದರೆ ಮೇಲಿನವರ ಪರಿಶೀಲನೆಯಲ್ಲಿ ಆ ಸಾಲಿಗೆ ಕೆಂಪು ಗುರುತು ಬೀಳಬಹುದು, ಕಾರಣ ಬರೆಯಬೇಕಾಗಬಹುದು. ಆಗುವುದಿಲ್ಲ ಅನ್ನುವುದು ಬೇರೆ, ಮಾಡಲು ಬೇಜಾರು ಅನ್ನುವುದು ಬೇರೆ. ಸ್ನೇಹಿತ ಎರಡು ಸಾಲಿನ ಇಮೇಲ್ ಬರೆದ: ಪಟ್ಟಿಯ ದರವನ್ನೇ ಕೊಡುತ್ತೇವೆ ಎಂದು ನನ್ನ ಪಾಲಿಸಿಯ ಯಾವ ಪುಟದಲ್ಲಿದೆ, ದಯವಿಟ್ಟು ತೋರಿಸಿ. ತೋರಿಸಲಿಲ್ಲ. ಅವನ ಪಾಲಿಸಿಯಲ್ಲಿ ಇದ್ದದ್ದು, ಹಾನಿಯಾದದ್ದನ್ನು ಸರಿಪಡಿಸಲು ಅಗತ್ಯವಾಗಿ ನಿಜಕ್ಕೂ ಆದ ಖರ್ಚು ಎಂಬ ಅರ್ಥದ ಮಾತು. ಸಾಫ್ಟ್‌ವೇರಿನ ಹೆಸರೇ ಇರಲಿಲ್ಲ. ನಿಮ್ಮದರಲ್ಲಿ ಏನಿದೆ ಅಂತ ಇವತ್ತೇ ತೆಗೆದು ನೋಡಿ.

ಡ್ರೈವಾಲ್‌ಗೆ, ಎತ್ತರದ ಸೀಲಿಂಗ್‌ಗೆ, ಮರದ ಕೆಲಸಕ್ಕೆ ಹೊಸ ದರ ಒಪ್ಪಿದರು. ಬಣ್ಣಕ್ಕೆ ಒಪ್ಪಲಿಲ್ಲ. ಅವನೂ ಅಲ್ಲಿಗೆ ಬಿಟ್ಟ, ಸಾಕಾಗಿತ್ತು. ಅಪ್ರೈಸಲ್‌ಗೆ ಹೋಗಬಹುದಿತ್ತು, ಅಂದರೆ ಎರಡೂ ಕಡೆಯವರು ಒಬ್ಬೊಬ್ಬ ಲೆಕ್ಕಗಾರನನ್ನು ನೇಮಿಸಿ, ಅವರಿಬ್ಬರಿಗೆ ಸರಿಹೋಗದಿದ್ದರೆ ಮೂರನೆಯವನು ತೀರ್ಮಾನಿಸುವ ದಾರಿ. ಅದಕ್ಕೂ ಖರ್ಚಿದೆ. ಬಣ್ಣದ ಬಾಕಿಗೆ ಅದು ಲಾಭವಿಲ್ಲ ಅಂತ ನಾನೇ ಹೇಳಿದೆ.

ಅಂದ ಹಾಗೆ, ಪುಟದ ಕೊನೆಯಲ್ಲಿ ‘ಓ ಆಂಡ್ ಪಿ’ ಅಂತ ಒಂದು ಕಲಂ ಇರುತ್ತದೆ. ಜನರಲ್ ಕಂಟ್ರ್ಯಾಕ್ಟರನ ಮೇಲ್ಖರ್ಚು ಮತ್ತು ಲಾಭ. ರೂಢಿಯಲ್ಲಿ 10 ಮತ್ತು 10 ಪರ್ಸೆಂಟ್. ಇದು ಪಟ್ಟಿಯ ದರದೊಳಗೆ ಸೇರಿರುವುದಿಲ್ಲ, ಬೇರೆ ಸೇರಿಸಬೇಕು. 20,000 ಡಾಲರ್ ಕೆಲಸಕ್ಕೆ 4,000 ಅದೇ ಆಯಿತು. ಅಲ್ಲಿ ಸೊನ್ನೆ ಇದ್ದರೆ ಯಾಕೆ ಅಂತ ಕೇಳಿ. ಪ್ಲಂಬರ್, ಡ್ರೈವಾಲಿನವ, ಪೇಂಟರ್, ಫ್ಲೋರಿಂಗಿನವ, ಇಷ್ಟು ಜನರನ್ನು ಹೊಂದಿಸುವ ಕೆಲಸಕ್ಕೆ ಒಬ್ಬ ಬೇಕೇ ಬೇಕು. ಮೊದಲ ಚೆಕ್ಕಿನಲ್ಲಿ ಸವಕಳಿ ಕಳೆಯುವ ನೆಪದಲ್ಲಿ ಇದನ್ನೂ ಸೇಲ್ಸ್ ಟ್ಯಾಕ್ಸನ್ನೂ ಮುರಿದುಕೊಳ್ಳುವುದು ಸರಿಯಲ್ಲ ಅಂತ ಟೆಕ್ಸಾಸ್ ಇನ್ಶೂರೆನ್ಸ್ ಇಲಾಖೆ 1998ರಲ್ಲೇ ಸುತ್ತೋಲೆ ಹೊರಡಿಸಿದೆ. ಬಿ-0045-98 ಅದರ ನಂಬರ್. ಬರೆದಿಟ್ಟುಕೊಳ್ಳಿ.

ಗಡುವುಗಳೂ ಇವೆ. ಕ್ಲೇಮ್ ತಿಳಿಸಿದ ಮೇಲೆ ಸಾಮಾನ್ಯವಾಗಿ 15 ದಿನದೊಳಗೆ ಅವರು ಸ್ವೀಕರಿಸಿದ್ದೇವೆ ಅನ್ನಬೇಕು. ಕೇಳಿದ ಕಾಗದವೆಲ್ಲ ಕೊಟ್ಟ ಮೇಲೆ 15 ಕೆಲಸದ ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಹೌದು ಅಂದ ಮೇಲೆ 5 ಕೆಲಸದ ದಿನದೊಳಗೆ ದುಡ್ಡು. ದೊಡ್ಡ ಅನಾಹುತದ ಹೊತ್ತಿನಲ್ಲಿ ಅವರಿಗೆ ಹೆಚ್ಚಿನ ದಿನ ಸಿಗುತ್ತದೆ. ಆಗದಿದ್ದರೆ ಆಸ್ಟಿನ್‌ನಲ್ಲಿರುವ ಇನ್ಶೂರೆನ್ಸ್ ಇಲಾಖೆಗೆ ದೂರು ಕೊಡಬಹುದು, ದುಡ್ಡು ಕೊಡಬೇಕಾಗಿಲ್ಲ. "ವೀಸಾಕ್ಕೆ ತೊಂದರೆ ಆಗುತ್ತಾ?" ಅಂತ ಒಬ್ಬರು ನನ್ನನ್ನು ಕೇಳಿದ್ದರು. ಇಲ್ಲ ಮಾರಾಯರೇ. ಇನ್ಶೂರೆನ್ಸ್ ದೂರಿಗೂ ವೀಸಾಕ್ಕೂ ಏನೂ ಸಂಬಂಧ ಇಲ್ಲ.

ಇನ್ನು ನಿಮ್ಮಲ್ಲಿ ಕೆಲವರಿಗೆ ಬೇರೆಯಾಗಿ ಒಂದು ಮಾತು. ಇಲ್ಲಿ ಪ್ಲೇನೋ, ರಿಚರ್ಡ್‌ಸನ್‌ನಲ್ಲಿ, ಅಲ್ಲಿ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಕಂಪನಿಗಳ ಕ್ಲೇಮ್ ಸಿಸ್ಟಂಗೆ ಕೋಡ್ ಬರೆಯುವವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ದರ ಬದಲಿಸಿದ ಸಾಲಿಗೆ ಕೆಂಪು ಗುರುತು ಹಾಕುವ ನಿಯಮವನ್ನು ಬರೆಯುವವರು ನೀವೇ ಇರಬಹುದು. ಇರಲಿ, ಅದು ಬೇಕು, ನಮ್ಮಂಥವರ ಮೇಲೂ ಹದ್ದಿನ ಕಣ್ಣು ಬೇಕು. ಆದರೆ ಮನೆಯ ಜಿಪ್‌ಕೋಡ್ ಒಂದು ಊರಿನದು, ಪಟ್ಟಿ ಇನ್ನೊಂದು ಊರಿನದು ಆದಾಗ ಯಾಕೆ ಕೆಂಪು ಗುರುತು ಬೀಳುವುದಿಲ್ಲ? ಪಟ್ಟಿಗೆ ಆರು ತಿಂಗಳು ವಯಸ್ಸಾದಾಗ ಯಾಕೆ ಯಾರಿಗೂ ಒಂದು ಇಮೇಲ್ ಹೋಗುವುದಿಲ್ಲ? ಮುಂದಿನ ಮೀಟಿಂಗ್‌ನಲ್ಲಿ ಕೇಳಿ ನೋಡಿ. ಎರಡು ಕಲಂ ಹೋಲಿಸುವ ಕೆಲಸ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತದೆ.

ಆಲಿಕಲ್ಲಿನ ಕಾಲ ಬರುತ್ತಿದೆ. ಪಾಲಿಸಿ ಎಲ್ಲಿಟ್ಟಿದ್ದೀರಿ ಅಂತ ಈ ವಾರಾಂತ್ಯ ಹುಡುಕಿ. ಮನೆಯೊಳಗೆ ಒಂದು ಸುತ್ತು ವಿಡಿಯೋ ಮಾಡಿ, ಸೀಲಿಂಗಿನ ಎತ್ತರ ಕಾಣುವ ಹಾಗೆ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿ. ಹಳೆಯ ಎಸ್ಟಿಮೇಟ್ ಯಾವುದಾದರೂ ಇದ್ದರೆ ಮೊದಲ ಪುಟ ತೆಗೆದು ಪೆನ್ಸಿಲ್‌ನಿಂದ ಆ ಸಾಲಿಗೆ ಸುತ್ತು ಹಾಕಿ. ಸ್ಯಾನ್ ಆಂಟೋನಿಯೋ ಅಂತ ಸಿಕ್ಕರೆ ನನಗೂ ತಿಳಿಸಿ.

ನಿಮ್ಮವ,
ಡಾಲಸ್ ಪಕ್ಕದ ಒಬ್ಬ ಎಸ್ಟಿಮೇಟರ್